ಮೆದುಳಿನ ಬಗ್ಗೆ ಓದಬೇಕಾ? ಮೊದಲು ಅತ್ತಿಗೆಯ ಮೇಲೊಂದು ಪ್ರಯೋಗ ಮಾಡಿ

ಬಿಎಸ್ಸಿ ಎರಡನೇ ವರ್ಷದಲ್ಲಿ ನಾನು ಮುಲ್ಲರ್-ಲಯರ್ ಭ್ರಮೆಯ (ಸಮ ಉದ್ದದ ಗೆರೆಗಳು ತುದಿಯ ಬಾಣಗಳಿಂದಾಗಿ ಉದ್ದ, ಗಿಡ್ಡ ಕಾಣುವುದು) ಪ್ರಯೋಗ ಮಾಡಿದೆ. ಮಾಡಿದೆ ಅಂದರೆ, ರೆಕಾರ್ಡ್ ಬುಕ್ಕಿನಲ್ಲಿ ಬರೆದೆ. ಅಂಕಿಗಳೆಲ್ಲ ಸೀನಿಯರ್ ಒಬ್ಬರ ಹಳೇ ರೆಕಾರ್ಡಿನವು. ಅನುಮಾನ ಬರದಿರಲಿ ಅಂತ ಅಲ್ಲಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚು ಕಡಿಮೆ ಮಾಡಿದ್ದೆ. ಲ್ಯಾಬಿನಲ್ಲಿ ಚಿತ್ರವನ್ನು ಕ್ಷಣಮಾತ್ರ ತೋರಿಸುವ ಟ್ಯಾಕಿಸ್ಟೋಸ್ಕೋಪ್ ಕೂಡ ಇತ್ತು, ಗಾಜಿನ ಬೀರುವಿನೊಳಗೆ, ಬೀಗ ಹಾಕಿಕೊಂಡು. ಇಪ್ಪತ್ತಕ್ಕೆ ಹತ್ತೊಂಬತ್ತು ಅಂಕ ಬಂತು.

ಆಮೇಲೆ ಸ್ನಾತಕೋತ್ತರ ಪ್ರವೇಶದ ಸಂದರ್ಶನದಲ್ಲಿ ಒಬ್ಬರು ಮೆತ್ತಗೆ ಕೇಳಿದರು: ‘ನೀವು ಮಾಡಿದ ಪ್ರಯೋಗಗಳಲ್ಲಿ ನಿಮಗೆ ಅಚ್ಚರಿ ಆದ ಅಂಕಿ ಯಾವುದು?’ ನನ್ನ ಬಾಯಿ ಕಟ್ಟಿಹೋಯಿತು. ಆ ವರ್ಷ ಸೀಟು ಸಿಗಲಿಲ್ಲ.

ಕಾಗ್ನಿಟಿವ್ ನ್ಯೂರೋಸೈನ್ಸ್, ಅಂದರೆ ನೆನಪು, ಗಮನ, ಓದು ಇವನ್ನೆಲ್ಲ ಮೆದುಳು ಹೇಗೆ ನಡೆಸುತ್ತದೆ ಎಂದು ಅಳೆದು ನೋಡುವ ವಿಜ್ಞಾನ, ಓದಬೇಕು ಅಂತ ಈಗ ನನ್ನನ್ನು ಕೇಳುವವರಲ್ಲಿ ಮುಕ್ಕಾಲು ಪಾಲು ಮಂದಿ ಮೊದಲು ಕೇಳುವುದು ಕಾಲೇಜಿನ ಹೆಸರು, ಆಮೇಲೆ ಪರೀಕ್ಷೆಯ ಹೆಸರು. ಎರಡನ್ನೂ ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ಒಂದು ವಾರದ ಕೆಲಸ ಇದೆ. ಆ ಕೆಲಸ ಮಾಡಿದರೆ ಉಳಿದದ್ದರಲ್ಲಿ ಅರ್ಧ ತಾನಾಗಿಯೇ ಸಲೀಸಾಗುತ್ತದೆ.

ಮೊದಲು ದಾರಿ ಯಾವುದು ನೋಡಿಕೊಳ್ಳಿ

ಇದನ್ನು ಬೇಗ ಮುಗಿಸೋಣ, ಯಾಕೆಂದರೆ ಇಲ್ಲಿ ತಪ್ಪಿದರೆ ಎರಡು ವರ್ಷ ಹೋಗುತ್ತದೆ. ಜನರ ಮಾತು ಕೇಳಿ, ಅವರ ಸಂಕಟಕ್ಕೆ ಚಿಕಿತ್ಸೆ ಕೊಡುವ ಆಸೆ ನಿಮ್ಮದಾದರೆ ನಿಮಗೆ ಬೇಕಿರುವುದು ಕ್ಲಿನಿಕಲ್ ಸೈಕಾಲಜಿ. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ಅದಕ್ಕೆ ಅವರು ಒಪ್ಪಿದ ಕೋರ್ಸನ್ನೇ ಮಾಡಿರಬೇಕು. ಕಾಗ್ನಿಟಿವ್ ನ್ಯೂರೋಸೈನ್ಸಿನಲ್ಲಿ ಎಷ್ಟು ದೊಡ್ಡ ಪಿಎಚ್‌ಡಿ ಇದ್ದರೂ ಆ ನೋಂದಣಿ ಸಿಗದು.

ಇಲಿ, ನೊಣ, ನರಕೋಶ, ಪ್ರೋಟೀನು ಎಂದರೆ ಕಣ್ಣರಳುವವರು ನ್ಯೂರೋಬಯಾಲಜಿ ಕಡೆ ಹೋಗಿ. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ) ಅದಕ್ಕೆ ಹೆಸರುವಾಸಿ. ‘ನೆನಪು ಹೇಗೆ ಉಳಿಯುತ್ತದೆ, ಗದ್ದಲದಲ್ಲೂ ನಮ್ಮ ಹೆಸರು ಮಾತ್ರ ಕಿವಿಗೆ ಹೇಗೆ ಬೀಳುತ್ತದೆ, ಓದುವಾಗ ತಲೆಯೊಳಗೆ ಏನು ನಡೆಯುತ್ತದೆ’ ಎಂಬ ಥರದ ಪ್ರಶ್ನೆಗಳು ಕಾಡುತ್ತವಾ? ಹಾಗಾದರೆ ಮುಂದೆ ಓದಿ.

ಒಂದು ವಾರದ ಕೆಲಸ

ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇವತ್ತಿಗೂ ಹಳತಾಗಿಲ್ಲ. ‘ಕೆಂಪು’ ಎಂಬ ಪದವನ್ನು ನೀಲಿ ಬಣ್ಣದಲ್ಲಿ ಬರೆದು, ಬಣ್ಣ ಯಾವುದು ಹೇಳಿ ಅಂದರೆ ಜನ ತಡವರಿಸುತ್ತಾರೆ. ಓದು ಬೇಡ ಅಂದರೂ ಕಣ್ಣು ಓದಿಬಿಡುತ್ತದೆ. ಇದನ್ನು ಕನ್ನಡದಲ್ಲಿ ಮಾಡಿ.

ಸೈಕೋಪೈ ಅನ್ನುವ ತಂತ್ರಾಂಶವನ್ನು ಇಳಿಸಿಕೊಳ್ಳಿ. ಉಚಿತ, ಪೈಥಾನ್ ಭಾಷೆಯಲ್ಲಿ ಬರೆದದ್ದು. ಕೋಡ್ ಬರದಿದ್ದರೂ ಅದರ ‘ಬಿಲ್ಡರ್’ನಲ್ಲಿ ಎಳೆದು ಜೋಡಿಸುತ್ತಾ ಪ್ರಯೋಗ ಕಟ್ಟಬಹುದು. ಮೊದಲು ಅರ್ಧ ಸೆಕೆಂಡ್ ಪರದೆಯ ನಡುವೆ ಒಂದು ಕೂಡು ಚಿಹ್ನೆ. ಆಮೇಲೆ ಬಣ್ಣದ ಪದ, ಕೀ ಒತ್ತುವವರೆಗೆ. ನಾಲ್ಕು ಬಣ್ಣ, ನಾಲ್ಕು ಕೀ: ಡಿ, ಎಫ್, ಜೆ, ಕೆ.

ಪದಗಳು ಕೆಂಪು, ಹಸಿರು, ನೀಲಿ, ಹಳದಿ. ನಾಲ್ಕು ಪದ, ನಾಲ್ಕು ಬಣ್ಣ ಸೇರಿದರೆ 16 ಜೋಡಿ. ಅದರಲ್ಲಿ ಪದ ಮತ್ತು ಬಣ್ಣ ಹೊಂದುವುದು 4, ಹೊಂದದಿರುವುದು 12. ಹೀಗೇ ಬಿಟ್ಟರೆ ಹೊಂದದ ಸರದಿಗಳೇ ಜಾಸ್ತಿ ಆಗಿ ಜನ ಅದಕ್ಕೆ ಒಗ್ಗಿಕೊಳ್ಳುತ್ತಾರೆ. ಹಾಗಾಗಿ ಹೊಂದುವ ನಾಲ್ಕನ್ನು ಮೂರು ಮೂರು ಸಲ ತೋರಿಸಿ. ಒಟ್ಟು 24 ಆಯಿತು. ಅದನ್ನು ಕಲಸಿ ನಾಲ್ಕು ಸುತ್ತು ಓಡಿಸಿದರೆ 96 ಸರದಿ, ಸುಮಾರು ಐದು ನಿಮಿಷ. ಹಸಿರು, ಹಳದಿಯಲ್ಲಿ ಮೂರು ಅಕ್ಷರ, ಉಳಿದೆರಡರಲ್ಲಿ ಎರಡೇ, ಇದು ತೊಂದರೆ ಅಲ್ವಾ ಅಂತ ನಿಮಗೆ ಈಗಲೇ ಅನ್ನಿಸಿದ್ದರೆ ಭೇಷ್. ಈ ಕ್ಷೇತ್ರಕ್ಕೆ ಬೇಕಾದ ಬುದ್ಧಿ ಅದೇ. ಉತ್ತರ: ಅದೇ ನಾಲ್ಕು ಪದಗಳು ಎರಡೂ ಗುಂಪಿನಲ್ಲಿ ಸಮಸಮವಾಗಿ ಬರುತ್ತವೆ, ಆದ್ದರಿಂದ ಉದ್ದದ ವ್ಯತ್ಯಾಸ ಅಲ್ಲಿಂದಲ್ಲಿಗೆ ವಜಾ ಆಗುತ್ತದೆ.

ಒಂದು ಎಚ್ಚರಿಕೆ. ಇಂಥ ತಂತ್ರಾಂಶಗಳಲ್ಲಿ ಕನ್ನಡ ಅಕ್ಷರ ಕೆಲವೊಮ್ಮೆ ಕೈಕಾಲು ಮುರಿದುಕೊಂಡು ಕಾಣಿಸುತ್ತದೆ. ಗುಣಿತದ ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ಫಾಂಟ್ ಬದಲಿಸಿ ನೋಡಿ. ಆಗಲಿಲ್ಲವೋ, ತಲೆ ಕೆಡಿಸಿಕೊಳ್ಳಬೇಡಿ. ಪ್ರತಿ ಪದವನ್ನೂ ಚಿತ್ರವಾಗಿ ಉಳಿಸಿಕೊಂಡು, ಚಿತ್ರವನ್ನೇ ತೋರಿಸಿ. ನಾನು ಎರಡು ದಿನ ಕೋಡಿನ ಜೊತೆ ಗುದ್ದಾಡಿ ಕೊನೆಗೆ ಮಾಡಿದ್ದು ಅದನ್ನೇ.

ನನ್ನ ಮೊದಲ ಬಲಿಪಶು ನಮ್ಮ ಅತ್ತಿಗೆ. ಪ್ರೈಮರಿ ಶಾಲೆಯ ಕನ್ನಡ ಮೇಷ್ಟ್ರು. ಏನು ಮಾಡಿಸುತ್ತೇನೆ, ಎಷ್ಟು ಹೊತ್ತು ಹಿಡಿಯುತ್ತದೆ, ಸಾಕು ಅನ್ನಿಸಿದರೆ ಎದ್ದು ಹೋಗಬಹುದು ಅಂತ ಮೊದಲೇ ಹೇಳಿದೆ. ಮನೆಯವರಾದರೂ ಇದನ್ನು ಹೇಳಲೇಬೇಕು. ‘ಒಲೆ ಮೇಲೆ ಹಾಲಿದೆ, ಬೇಗ’ ಅಂದರು. ಕೆಂಪು ಅಂತ ಬರೆದ ನೀಲಿ ಪದ ಬಂದಾಗಲೆಲ್ಲ ಅವರ ಬೆರಳು ಗಾಳಿಯಲ್ಲಿ ನಿಂತುಬಿಡುತ್ತಿತ್ತು. ‘ಥೂ’ ಅನ್ನುತ್ತಿದ್ದರು. ತಪ್ಪು ಉತ್ತರಗಳನ್ನು ಬಿಟ್ಟು, ಹೊಂದುವ, ಹೊಂದದ ಎರಡೂ ಗುಂಪಿನಲ್ಲಿ ಕೀ ಒತ್ತಲು ಹಿಡಿದ ಸಮಯದ ಮಧ್ಯಾಂಕ ಲೆಕ್ಕ ಹಾಕಿದಾಗ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಕೀ ಒತ್ತುವ ಇಂಥ ಪ್ರಯೋಗದಲ್ಲಿ ಈ ವ್ಯತ್ಯಾಸ ಸಾಮಾನ್ಯವಾಗಿ ಕೆಲವು ಹತ್ತು ಮಿಲಿಸೆಕೆಂಡಿನಿಂದ ನೂರರ ಆಸುಪಾಸು ಇರುತ್ತದೆ.

ಆಮೇಲೆ ಅಣ್ಣನ ಮಗನನ್ನು ಕೂರಿಸಿದೆ. ಇಂಗ್ಲಿಷ್ ಮೀಡಿಯಂ ಹುಡುಗ, ಕನ್ನಡವನ್ನು ಕಾಗುಣಿತ ಹಿಡಿದು ಅಕ್ಷರ ಅಕ್ಷರವಾಗಿ ಓದುತ್ತಾನೆ. ಅವನ ವ್ಯತ್ಯಾಸ ಇದ್ದೂ ಇಲ್ಲದ ಹಾಗಿತ್ತು. ಅವನನ್ನು ಪದ ತಡೆಯಲೇ ಇಲ್ಲ! ಚೆನ್ನಾಗಿ ಓದಲು ಬರದವನೇ ಇಲ್ಲಿ ಚುರುಕು. ಇಬ್ಬರನ್ನು ನೋಡಿ ಏನನ್ನೂ ಸಾಧಿಸಲಾಗದು, ಹುಡುಗರ ಅಂಕಿಗಳಂತೂ ಕುಣಿದಾಡುತ್ತವೆ. ಆದರೆ ಆ ಸಂಜೆ ನನಗೆ ಒಂದು ಪ್ರಶ್ನೆ ಸಿಕ್ಕಿತು: ಓದು ಯಾವ ಹಂತದಲ್ಲಿ ನಮ್ಮ ಹಿಡಿತ ತಪ್ಪಿ ತಾನೇ ತಾನಾಗಿ ನಡೆಯಲು ಶುರುವಾಗುತ್ತದೆ? ಸಂದರ್ಶನದಲ್ಲಿ ಅವರು ಕೇಳಿದ್ದ ‘ಅಚ್ಚರಿಯ ಅಂಕಿ’ ಏನು ಅನ್ನುವುದೂ ಅವತ್ತೇ ಗೊತ್ತಾಗಿದ್ದು.

ಹೀಗೆ ಮನೆಯಲ್ಲಿ ಮಾಡಿದ್ದು ಕಲಿಕೆಗೆ ಮಾತ್ರ. ಪ್ರಕಟಿಸುವ ಯೋಚನೆ ಇದ್ದರೆ ಮೊದಲೇ ಸಂಸ್ಥೆಯೊಂದರ ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. ಆಮೇಲೆ ಕೇಳಿದರೆ ಕೊಡುವುದಿಲ್ಲ.

ಪ್ರಶ್ನೆ ಹಿಡಿದು ಓದಿ

ಪ್ರಶ್ನೆ ಕೈಯಲ್ಲಿದ್ದರೆ ಓದು ಬೇರೆಯೇ ಥರ ಆಗುತ್ತದೆ. ದಪ್ಪ ಪಠ್ಯಪುಸ್ತಕವನ್ನು ಮೊದಲ ಪುಟದಿಂದ ಶುರು ಮಾಡಿ ನರಕೋಶದ ಅಧ್ಯಾಯದಲ್ಲೇ ನಿದ್ದೆ ಹೋದವರು ಬಹಳ ಮಂದಿ. ನಾನೂ ಒಬ್ಬ.

ನನ್ನ ಪ್ರಶ್ನೆ ನನ್ನನ್ನು ಕರೆದುಕೊಂಡು ಹೋದದ್ದು ಸೋನಾಲಿ ನಾಗ್ ಅವರ ಕೆಲಸದ ಕಡೆಗೆ. ಇಂಗ್ಲಿಷಿನಲ್ಲಿ ಮಕ್ಕಳು ಕಲಿಯಬೇಕಾದ ಅಕ್ಷರ 26. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು. ಕನ್ನಡ ಓದಲು ಕಲಿಯುವ ಮಕ್ಕಳು ಈ ಅಕ್ಷರಗಳನ್ನು ಹಲವು ವರ್ಷ ಕಲಿಯುತ್ತಲೇ ಇರುತ್ತಾರೆ ಎಂಬುದನ್ನು ಅವರು 2007ರ ಪ್ರಬಂಧದಲ್ಲಿ ತೋರಿಸಿದ್ದಾರೆ. ಅಲ್ಲಿಂದ ಐಐಎಸ್ಸಿಯ ಎಸ್.ಪಿ. ಅರುಣ್ ಅವರ ಗುಂಪಿನ ಕೆಲಸಕ್ಕೆ ಬಂದೆ. ತೆಲುಗು ಓದಬಲ್ಲವರಿಗೂ ಮಲಯಾಳಂ ಓದಬಲ್ಲವರಿಗೂ ಎರಡೂ ಲಿಪಿ ತೋರಿಸಿ, ಗೊತ್ತಿರುವ ಲಿಪಿಯನ್ನು ಕಣ್ಣು ಮತ್ತು ಮೆದುಳು ಹೇಗೆ ಬೇರೆ ಥರ ಹಿಡಿಯುತ್ತವೆ ಎಂದು ಅಳೆದಿದ್ದರು. ಎಷ್ಟು ಜಾಣ ವಿನ್ಯಾಸ ನೋಡಿ. ಒಬ್ಬರಿಗೆ ಪರಿಚಿತವಾದದ್ದೇ ಇನ್ನೊಬ್ಬರಿಗೆ ಅಪರಿಚಿತ, ಹಾಗಾಗಿ ಅಕ್ಷರದ ಆಕಾರದ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ನಮ್ಮ ಸುತ್ತ ಇಂಥ ಪ್ರಶ್ನೆಗಳು ಬೇಕಾದಷ್ಟಿವೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಹೈದರಾಬಾದಿನ 648 ಡಿಮೆನ್ಷಿಯಾ (ಮರೆಗುಳಿತನ) ರೋಗಿಗಳ ದಾಖಲೆ ನೋಡಿ, ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು ಎಂದು ವರದಿ ಮಾಡಿದರು. ಓದುಬರಹ ಬಾರದವರಲ್ಲೂ ಇದು ಕಂಡಿತ್ತು. ಅಲ್ಲಾಡಿ ಅವರು ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದಾರೆ. ಐಐಎಸ್ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ಮೆದುಳು, ನೆನಪು, ಆರೋಗ್ಯವನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. ಇಂಥ ಕಡೆ ಜನರ ಮಾತು ಬಲ್ಲವರಿಗೆ ಕೆಲಸ ಇದ್ದೇ ಇರುತ್ತದೆ. ಕನ್ನಡ ಮೀಡಿಯಂ ಅಂತ ಅಳುಕುವವರು ಇದನ್ನು ಒಂದು ಬಂಡವಾಳ ಅಂತ ಲೆಕ್ಕ ಹಾಕಿ.

ಸತ್ತ ಮೀನಿನ ಪಾಠ

ಸ್ಟ್ಯಾಟಿಸ್ಟಿಕ್ಸ್‌ನಿಂದ ತಪ್ಪಿಸಿಕೊಳ್ಳಲು ಸೈಕಾಲಜಿ ತಗೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸ್ನೇಹಿತರು ಅಂಗಡಿಯಿಂದ ತಂದ ಸತ್ತ ಸಾಲ್ಮನ್ ಮೀನೊಂದನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿದರು. ಮನುಷ್ಯರ ಫೋಟೋ ತೋರಿಸಿ, ‘ಇವರಿಗೆ ಏನನ್ನಿಸುತ್ತಿದೆ ಹೇಳು’ ಅಂತ ಮೀನನ್ನು ಕೇಳಿದರು. ಮಾಮೂಲಿ ಲೆಕ್ಕ ಹಾಕಿದಾಗ ಮೀನಿನ ತಲೆಯಲ್ಲಿ ‘ಚಟುವಟಿಕೆ’ ಕಂಡಿತು! ಯಂತ್ರ ಸಾವಿರಾರು ಚುಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತದೆ. ಅಷ್ಟರಲ್ಲಿ ಕೆಲವು ಸುಮ್ನೆ ಅದೃಷ್ಟಕ್ಕೆ ಮೇಲೆ ಬರುತ್ತವೆ. ಅದಕ್ಕೆ ತಿದ್ದುಪಡಿ ಹಾಕಿದ ಕೂಡಲೇ ಮೀನು ಮತ್ತೆ ಸತ್ತುಹೋಯಿತು. 2012ರಲ್ಲಿ ಇದಕ್ಕೆ ಇಗ್‌ನೊಬೆಲ್ ಬಹುಮಾನ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವಂಥದ್ದು.

ನಗು ಬರುತ್ತದೆ. ಆದರೆ 2015ರಲ್ಲಿ ಬಂದ ಇನ್ನೊಂದು ವರದಿಗೆ ಯಾರೂ ನಗಲಿಲ್ಲ. ಸೈಕಾಲಜಿಯ 100 ಪ್ರಕಟಿತ ಅಧ್ಯಯನಗಳನ್ನು ಬೇರೆಯವರು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ನೂರಕ್ಕೆ 97 ಫಲಿತಾಂಶಗಳು ಅಂಕಿಅಂಶದ ಪರೀಕ್ಷೆ ಪಾಸಾಗಿದ್ದವು. ಮತ್ತೆ ಮಾಡಿದಾಗ ಪಾಸಾದದ್ದು ನೂರಕ್ಕೆ 36 ಮಾತ್ರ. ನನ್ನ ರೆಕಾರ್ಡ್ ಬುಕ್ಕಿನ ಹತ್ತೊಂಬತ್ತು ಅಂಕ ನೆನಪಾಗಿ ಕಿವಿ ಬಿಸಿಯಾಯಿತು.

ಹಾಗಾಗಿ ಆರು ತಿಂಗಳು ಇಟ್ಟುಕೊಂಡು ಆರ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಎರಡೂ ಬೇಡ, ಒಂದು ಸಾಕು. ಅತ್ತಿಗೆಯ 96 ಸರದಿಗಳಿಂದಲೇ ಶುರು ಮಾಡಿ: ಫೈಲ್ ತೆರೆಯುವುದು, ತಪ್ಪು ಉತ್ತರ ತೆಗೆಯುವುದು, ಚಿತ್ರ ಬಿಡಿಸುವುದು. ನೆಂಟರಿಷ್ಟರು ಸೇರಿ 20 ಜನ ಆದ ಮೇಲೆ ಅಂಕಿಅಂಶದ ವಿಧಾನಗಳು: ಮೊದಲು ಟಿ-ಟೆಸ್ಟ್, ಆಮೇಲೆ ರಿಗ್ರೆಷನ್, ಆಮೇಲೆ ಮಿಕ್ಸೆಡ್ ಮಾಡೆಲ್. ಕೋಡ್ ಎಂದರೆ ಭಯ ಇದ್ದವರು ಮೊದಲು ಜಾಸ್ಪ್ ಎಂಬ ಉಚಿತ ತಂತ್ರಾಂಶದಲ್ಲಿ ಕೈ ಆಡಿಸಬಹುದು.

ಗಟ್ಟಿಮೇಳ ಮತ್ತು ಹೊಗೆ

ಮೆದುಳನ್ನು ನೋಡುವ ಉಪಕರಣಗಳು ಹಲವಿವೆ. ಎರಡನ್ನು ಮೊದಲು ಅರ್ಥ ಮಾಡಿಕೊಳ್ಳಿ.

ಇಇಜಿ ಮೆದುಳಿನ ವಿದ್ಯುತ್ ಅಲೆಗಳನ್ನು ತಲೆಯ ಮೇಲಿಂದಲೇ ಅಳೆಯುತ್ತದೆ, ಕಲ್ಯಾಣಮಂಟಪದ ಹೊರಗೆ ನಿಂತು ಸದ್ದು ಕೇಳಿದ ಹಾಗೆ. ಗಟ್ಟಿಮೇಳ ಮೊಳಗಿದ ಕ್ಷಣವೇ ತಾಳಿ ಬಿತ್ತು ಅಂತ ಗೊತ್ತಾಗುತ್ತದೆ. ಆದರೆ ಒಳಗೆ ಯಾರು ಎಲ್ಲಿ ನಿಂತಿದ್ದಾರೆ, ಗೊತ್ತಾಗದು. ಸಮಯ ಮಿಲಿಸೆಕೆಂಡಿನಷ್ಟು ನಿಖರ, ಜಾಗ ಮಸುಕು. ಹಾನ್ಸ್ ಬರ್ಗರ್ ಮನುಷ್ಯರ ಇಇಜಿಯನ್ನು ಮೊದಲು ಪ್ರಕಟಿಸಿದ್ದು 1929ರಲ್ಲಿ. ಎಂಆರ್‌ಐ ಯಂತ್ರದಲ್ಲೇ ಮಾಡುವ ಎಫ್‌ಎಂಆರ್‌ಐ ಇದಕ್ಕೆ ಉಲ್ಟಾ, ದೂರದಿಂದ ಹೊಗೆ ನೋಡಿ ಅಡುಗೆ ಎಲ್ಲಿ ನಡೆಯುತ್ತಿದೆ ಅಂತ ಹೇಳಿದ ಹಾಗೆ. ಜಾಗ ಕೆಲವು ಮಿಲಿಮೀಟರಿನಷ್ಟು ಸರಿಯಾಗಿ ಸಿಗುತ್ತದೆ. ಆದರೆ ಅದು ಅಳೆಯುವುದು ನರಕೋಶವನ್ನಲ್ಲ, ರಕ್ತದ ಆಮ್ಲಜನಕದ ಏರಿಳಿತವನ್ನು. ಒಲೆ ಹಚ್ಚಿ ಐದಾರು ಸೆಕೆಂಡ್ ಆದ ಮೇಲೆ ಹೊಗೆ ದಟ್ಟವಾಗುತ್ತದೆ.

‘ಯಾವಾಗ’ ಎಂಬುದು ನಿಮ್ಮ ಪ್ರಶ್ನೆಯಾದರೆ ಇಇಜಿ ಲ್ಯಾಬ್ ಹುಡುಕಿ, ‘ಎಲ್ಲಿ’ ಎಂದಾದರೆ ಎಂಆರ್‌ಐ. ಎಷ್ಟೋ ಪ್ರಶ್ನೆಗಳಿಗೆ ಎರಡೂ ಬೇಡ, ಕೀಬೋರ್ಡ್ ಸಾಕು. ಎಂಆರ್‌ಐ ಇದೆ ಅಂತಲೇ ಲ್ಯಾಬ್ ಸೇರಬೇಡಿ.

ಯಂತ್ರ ಇಲ್ಲದೆಯೂ ಕಲಿಯಬಹುದು. ಇಆರ್‌ಪಿ ಕೋರ್ ಎಂಬ ದತ್ತಾಂಶದಲ್ಲಿ 40 ಜನರ ಇಇಜಿ ಉಚಿತವಾಗಿ ಸಿಗುತ್ತದೆ. ಓಪನ್‌ನ್ಯೂರೋ ಎಂಬ ಜಾಲತಾಣದಲ್ಲಿ ಎಂಆರ್‌ಐ ದತ್ತಾಂಶ ರಾಶಿ ರಾಶಿ ಇದೆ. ಎಂಎನ್‌ಇ-ಪೈಥಾನ್ ಎಂಬ ತಂತ್ರಾಂಶ ಇಟ್ಟುಕೊಂಡು ಒಬ್ಬರ ಕಚ್ಚಾ ಅಲೆಗಳನ್ನು ತೆರೆದು ನೋಡಿ. ಕಣ್ಣು ಮಿಟುಕಿಸಿದ್ದು ಗುಡ್ಡದ ಹಾಗೆ ಕಾಣುತ್ತದೆ. ಅಂಥ ಎರಡು ಗುಡ್ಡ ಗುರುತಿಸಿ ತೆಗೆದರೆ ಇಡೀ ಅಧ್ಯಾಯ ಓದಿದಷ್ಟು ಕಲಿತಿರುತ್ತೀರಿ. ನ್ಯೂರೋಮ್ಯಾಚ್ ಅಕಾಡೆಮಿಯ ಪಾಠಗಳೂ ಬಿಟ್ಟಿಯಾಗಿ ಸಿಗುತ್ತವೆ, ಗಣಿತ ಸ್ವಲ್ಪ ಗಟ್ಟಿ ಇದ್ದವರಿಗೆ.

ಎಲ್ಲಿ ಓದುವುದು, ದುಡ್ಡೆಷ್ಟು

ಕಾಗ್ನಿಟಿವ್ ಸೈನ್ಸ್‌ನಲ್ಲೇ ಎಂಎಸ್ಸಿ ಬೇಕೆಂದರೆ ಐಐಟಿ ಗಾಂಧಿನಗರ, ಐಐಟಿ ದೆಹಲಿ, ಅಲಹಾಬಾದ್ ವಿಶ್ವವಿದ್ಯಾಲಯದ ಸಿಬಿಸಿಎಸ್, ಹೈದರಾಬಾದ್ ವಿಶ್ವವಿದ್ಯಾಲಯ ನೋಡಿ. ಐಐಟಿ ಕಾನ್ಪುರದಲ್ಲಿ ಈ ವಿಷಯಕ್ಕೇ ಪ್ರತ್ಯೇಕ ವಿಭಾಗ ಇದೆ. ಪಿಎಚ್‌ಡಿಗೆ ಐಐಎಸ್ಸಿಯ ಸೆಂಟರ್ ಫಾರ್ ನ್ಯೂರೋಸೈನ್ಸ್, ನಿಮ್ಹಾನ್ಸ್, ಮಾನೇಸರದ ಎನ್‌ಬಿಆರ್‌ಸಿ (ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ). ಮಾತು, ಕೇಳ್ಮೆ, ಓದಿನ ತೊಂದರೆಗಳ ಕಡೆ ಒಲವಿದ್ದರೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯನ್ನು ಮರೆಯಬೇಡಿ.

ಸೈಕಾಲಜಿ ಎಂಎಸ್ಸಿ ನಮ್ಮ ವಿಶ್ವವಿದ್ಯಾಲಯಗಳಲ್ಲೇ ಮಾಡಿದರೂ ಕೊರತೆ ಏನಿಲ್ಲ, ಮೇಲೆ ಹೇಳಿದ ಕೋಡ್ ಮತ್ತು ಅಂಕಿಅಂಶ ನೀವೇ ಕಲಿತರೆ. ಮೈಸೂರು ವಿಶ್ವವಿದ್ಯಾಲಯದ ಸೈಕಾಲಜಿ ವಿಭಾಗ 1924ರದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದ್ದು, ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಸೈಕಾಲಜಿ ಮೇಷ್ಟ್ರೊಬ್ಬರು ಟ್ರಾನ್ಸ್‌ಮಿಟರ್ ಜೋಡಿಸಿಕೊಂಡು ಕೂತಿದ್ದು ನನಗಂತೂ ಬಹಳ ಇಷ್ಟ. ಎಂಜಿನಿಯರಿಂಗ್‌ನಿಂದ ಈ ಕಡೆ ಬರುವವರಿಗೆ ಈ ಕಥೆ ಹೇಳುತ್ತಿರುತ್ತೇನೆ.

ಪರೀಕ್ಷೆಗಳ ವಿಷಯ ಚುಟುಕಾಗಿ: ಯುಜಿಸಿ-ನೆಟ್‌ನಲ್ಲಿ ಸೈಕಾಲಜಿ ಇದೆ. 2021ರಿಂದ ಗೇಟ್‌ನಲ್ಲೂ ಸೈಕಾಲಜಿ ಬರೆಯಬಹುದು. ಯಾವ ಸಂಸ್ಥೆ ಯಾವುದನ್ನು ಒಪ್ಪುತ್ತದೆ ಅನ್ನುವುದು ಆಗಾಗ ಬದಲಾಗುತ್ತದೆ, ಆ ವರ್ಷದ ಪ್ರಕಟಣೆಯನ್ನೇ ನೋಡಿ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, ಮನೆಬಾಡಿಗೆ ಭತ್ಯೆ ಬೇರೆ.

ವಿದೇಶದ ಲೆಕ್ಕ ಬೇರೆ. ಅಮೆರಿಕದಲ್ಲಿ ಪದವಿ ಮುಗಿಸಿ ನೇರ ಪಿಎಚ್‌ಡಿಗೆ ಹೋಗಬಹುದು. ಐದಾರು ವರ್ಷ, ಸಾಮಾನ್ಯವಾಗಿ ಫೀಸು ಮಾಫಿ, ಮೇಲೆ ಸ್ಟೈಪೆಂಡ್. ಅರ್ಜಿ ಹೆಚ್ಚಾಗಿ ಡಿಸೆಂಬರ್ ಹೊತ್ತಿಗೆ. ಒಂದೊಂದು ಅರ್ಜಿಯ ಶುಲ್ಕವೂ ಭಾರ, ಮಾಫಿ ಇದೆಯಾ ಅಂತ ಕೇಳಿ, ನಾಚಿಕೆ ಬೇಡ. ಯುರೋಪಿನಲ್ಲಿ ಮೊದಲು ಮಾಸ್ಟರ್ಸ್, ಆಮೇಲೆ ಮೂರು ನಾಲ್ಕು ವರ್ಷದ ಪಿಎಚ್‌ಡಿ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಭಾರತೀಯರಿಗೆ ಎಪಿಎಸ್ ಪ್ರಮಾಣಪತ್ರ (ಅಂಕಪಟ್ಟಿ, ಪದವಿಗಳನ್ನು ಪರಿಶೀಲಿಸಿ ಕೊಡುವುದು) ಬೇಕು. ಖರ್ಚಿಗೆಂದು ಖಾತೆಯಲ್ಲಿ ತೋರಿಸಬೇಕಾದ ಮೊತ್ತ 2024ರ ಲೆಕ್ಕದಲ್ಲಿ ವರ್ಷಕ್ಕೆ 11,904 ಯೂರೋ. ಬ್ರಿಟನ್ನಿನ ಒಂದು ವರ್ಷದ ಎಂಎಸ್ಸಿಗೆ ಜಮೀನಿನ ಮೇಲೆ ಸಾಲ ಎತ್ತುವ ಮುಂಚೆ ನಾಲ್ಕು ಸಲ ಯೋಚಿಸಿ. ಸ್ಕಾಲರ್‌ಶಿಪ್ ಇಲ್ಲದಿದ್ದರೆ ನಾನು ಬೇಡ ಅನ್ನುತ್ತೇನೆ.

ಪ್ರೊಫೆಸರ್‌ಗೆ ಬರೆಯುವ ಪತ್ರ

ಲ್ಯಾಬಿನ ಹೆಸರಿಗಿಂತ ಅಲ್ಲಿನ ಗೈಡ್ ಮುಖ್ಯ. ಅವರಿಗೆ ಹೋಗುವ ಪತ್ರಗಳಲ್ಲಿ ಹೆಚ್ಚಿನವು ಹೀಗಿರುತ್ತವೆ: ‘ಚಿಕ್ಕಂದಿನಿಂದಲೂ ಮೆದುಳಿನ ರಹಸ್ಯಗಳು ನನ್ನನ್ನು ಸೆಳೆದಿವೆ. ತಮ್ಮ ಅಮೂಲ್ಯ ಮಾರ್ಗದರ್ಶನದಲ್ಲಿ...’ ಇಲ್ಲಿಗೆ ಪತ್ರ ಮುಚ್ಚಿರುತ್ತದೆ.

ಇದರ ಬದಲು ಹೀಗೆ ಬರೆಯಿರಿ, ನಿಮ್ಮ ಮಾತಿನಲ್ಲಿ: ‘ಲಿಪಿ ಪರಿಚಯದ ಬಗ್ಗೆ ನಿಮ್ಮ ಪ್ರಬಂಧದ ಎರಡನೇ ಪ್ರಯೋಗ ಓದಿದೆ. ಕನ್ನಡದಲ್ಲಿ ಒಂದು ಸ್ಟ್ರೂಪ್ ಪ್ರಯೋಗ ಕಟ್ಟಿ, 20 ಜನರ ಮೇಲೆ ಕಲಿಕೆಗಾಗಿ ಮಾಡಿ ನೋಡಿದ್ದೇನೆ. ನಿಧಾನವಾಗಿ ಓದುವವರಲ್ಲಿ ಅಡಚಣೆ ಕಡಿಮೆ ಕಂಡಿತು, ಆದರೆ ಅವರ ಅಂಕಿಗಳ ಏರಿಳಿತವೂ ಜಾಸ್ತಿ ಇರುವುದರಿಂದ ನಂಬಿಕೆ ಸಾಲದು. ಕೋಡ್ ಮತ್ತು ಚಿತ್ರ ಲಗತ್ತಿಸಿದ್ದೇನೆ. ಬೇಸಿಗೆಯಲ್ಲಿ ಎರಡು ತಿಂಗಳು ನಿಮ್ಮಲ್ಲಿ ಕೆಲಸ ಮಾಡಲು ಅವಕಾಶ ಇದೆಯೇ?’ ಎಂಟು ಹತ್ತು ಸಾಲು ಸಾಕು. ಅನುಮಾನವನ್ನು ಬಚ್ಚಿಡಬೇಡಿ. ಅದನ್ನು ನೋಡಿಯೇ ಅವರು ಉತ್ತರ ಬರೆಯುವುದು. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಂದು ಸಲ ನೆನಪಿಸಿ. ಆಮೇಲೆ ಬಿಟ್ಟುಬಿಡಿ.

ಬೇಸಿಗೆಯ ಅವಕಾಶಕ್ಕೆ ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಸಮ್ಮರ್ ರಿಸರ್ಚ್ ಫೆಲೋಶಿಪ್ ಕೂಡ ಇದೆ. ಇಂಥ ಕಡೆ ಹೋದಾಗ ಗೈಡ್‌ಗಿಂತ ಮೂರನೇ ವರ್ಷದ ಪಿಎಚ್‌ಡಿ ವಿದ್ಯಾರ್ಥಿಗಳ ಜೊತೆ ಚಹಾ ಕುಡಿಯಿರಿ. ಹಿಂದಿನವರು ಎಷ್ಟು ವರ್ಷಕ್ಕೆ ಮುಗಿಸಿದರು, ರಜೆ ಕೇಳಿದರೆ ಮುಖ ಹೇಗಾಗುತ್ತದೆ, ಪ್ರಬಂಧದಲ್ಲಿ ಮೊದಲ ಹೆಸರು ಯಾರದು ಅನ್ನುವುದೆಲ್ಲ ಆ ಚಹಾದಲ್ಲೇ ತಿಳಿಯುತ್ತದೆ. ನಾನು ಒಮ್ಮೆ ಈ ಚಹಾ ತಪ್ಪಿಸಿಕೊಂಡು ಒಂದು ಲ್ಯಾಬ್ ಸೇರಿ ಹದಿನಾಲ್ಕು ತಿಂಗಳು ಕಳೆದುಕೊಂಡೆ.

ಲ್ಯಾಬ್ ಸೇರಿದ ಮೇಲೆ

ಮೊದಲ ಆರು ತಿಂಗಳು ನಿಮ್ಮ ಕೈಯಲ್ಲಿ ಇರುವುದು ಸಿದ್ಧಾಂತ ಅಲ್ಲ, ಜೆಲ್ಲು. ಇಇಜಿ ಟೋಪಿಯ ಒಂದೊಂದು ತೂತಿಗೂ ಸಿರಿಂಜಿನಲ್ಲಿ ಜೆಲ್ ಹಾಕಿ, ಚರ್ಮಕ್ಕೆ ಸರಿಯಾಗಿ ತಾಗುವ ಹಾಗೆ ಮಾಡಬೇಕು. ತಾಗಿದರೆ ಪರದೆಯಲ್ಲಿ ಆ ತೂತಿನ ಚಾನೆಲ್ ಹಸಿರಾಗುತ್ತದೆ. 64 ತೂತು ಅಂದರೆ ಹೊಸಬರಿಗೆ ಒಂದು ಗಂಟೆ. ಪರದೆಯ ಮೇಲೆ 50 ಹರ್ಟ್ಜ್‌ನ ದಪ್ಪ ಅಲೆ ಕಂಡರೆ ಅದು ಮೆದುಳಿನದಲ್ಲ, ಗೋಡೆಯ ಕರೆಂಟಿನದು. ಮೊಬೈಲ್ ಚಾರ್ಜರ್ ಕಿತ್ತು ನೋಡಿ. ಯಂತ್ರ ಸರಿ ಇದೆಯಾ ಅಂತ ತಿಳಿಯಲು ಕೂತವರಿಗೆ ಕಣ್ಣು ಮುಚ್ಚಿ ಅನ್ನಿ. ತಲೆಯ ಹಿಂಭಾಗದ ಚಾನೆಲ್‌ಗಳಲ್ಲಿ ಸೆಕೆಂಡಿಗೆ ಹತ್ತರ ಆಸುಪಾಸಿನ ಆಲ್ಫಾ ಅಲೆ ಎದ್ದು ಬಂದರೆ ಮುಂದುವರಿಯಿರಿ.

ಇನ್ನು ಯಾವ ಪಠ್ಯಪುಸ್ತಕದಲ್ಲೂ ನಾನು ಕಾಣದ ವಿಷಯ. ಬರುವವರಿಗೆ ಹಿಂದಿನ ದಿನವೇ ಫೋನ್ ಮಾಡಿ, ತಲೆ ತೊಳೆದು ಒಣಗಿಸಿಕೊಂಡು ಬನ್ನಿ ಅಂತ ಹೇಳಿ. ‘ಎಣ್ಣೆ ಹಚ್ಚಬೇಡಿ’ ಅನ್ನುವುದನ್ನು ಬೇರೆಯಾಗಿ ಹೇಳಿ, ಎರಡು ಸಲ. ನಮ್ಮ ಅತ್ತಿಗೆ ಲ್ಯಾಬ್ ನೋಡಲು ಅಂತ ಊರಿಂದ ಬಂದವರು, ತಲೆ ತೊಳೆದುಕೊಂಡೇ ಬಂದಿದ್ದರು. ಪ್ರಯಾಣದಲ್ಲಿ ಕೂದಲು ಕೆದರಿತು ಅಂತ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ ಜಡೆ ಹಾಕಿಕೊಂಡಿದ್ದರು. 64 ಚಾನೆಲ್‌ಗಳಲ್ಲಿ ಒಂದೂ ಹಸಿರಾಗಲಿಲ್ಲ.